ಬಂದರಿನಲ್ಲಿ ಆದಿವಾಲದ ಮಲ್ಲಕ್ಕ

ಆದಿವಾಲ
2-2-2025

ಅಕ್ಕ ಗಂಗಕ್ಕನಿಗೆ ನಿನ್ನ ತಂಗಿ ಮಲ್ಲಕ್ಕ ಮಾಡೋ ನಮಸ್ಕಾರ.

ನಾವಿಲ್ಲಿ ಆರಾಮ ಇದೀವಿ. ಹೊಸದುರ್ಗದಾಗೆ ನೀವೂ ಹಂಗೇ ಇದೀರಿ ಅಂದ್ಕಂಡಿದೀನಿ. ನಿನ್ನ ಕಾಗದ ಬಂದು ಹದಿನೈದು ದಿನದ ಮೇಲಾತು. "ಮಂಗಳೂರು ಹೆಂಗಿತ್ತೇ, ಮಗಳು ಏನೇನು ತೋರಿಸಿದ್ಲು, ಒಂದೂ ಬಿಡದಂಗೆ ಬರಿ" ಅಂದಿದ್ದೆ. ಬರೀಲಿಲ್ಲ, ತಪ್ಪಾತು. ಕುರಿ ಮರಿ ಹಾಕೋ ಕಾಲ, ಕೈ ಬಿಡುವಿಲ್ಲ ಅಂತ ನೆಪ ಹೇಳಬಹುದಿತ್ತು. ನಿನ್ನ ಹತ್ರ ಯಾಕೆ ಸುಳ್ಳು? ಎರಡು ಸಲ ಬರೆಯಾಕೆ ಕುಂತೆ, ಎರಡು ಸಲಾನೂ ಹಾಳೆ ಒಲೆಗೆ ಹಾಕಿದೆ. ಫೋನ್ ಮಾಡಾಣ ಅಂದ್ರೆ ನಿನಗೆ ಕಿವಿ ಮಂದ. ನಾನು ಕೂಗಿದ್ರೆ ಹಟ್ಟಿಗೆಲ್ಲ ಕೇಳ್ತೈತೆ. ಇದು ಕೂಗಿ ಹೇಳೋ ಮಾತಲ್ಲ.

ನಮ್ಮ ಕೀರ್ತನಾ ಅಲ್ಲಿ ಮಾಡೋ ಕೆಲಸ ಏನು ಅಂತ ನನಗೂ ಹೋದ ಮೇಲೇ ತಿಳಿದಿದ್ದು. ಹೊರಗಿಂದ ಬಂದೋರಿಗೆ ಊರು ತೋರಿಸ್ತಾಳೆ. ಗುಡಿ, ಬೀಚು ಅಲ್ಲ, ಅವನ್ನ ಎಲ್ಲರೂ ತೋರಿಸ್ತಾರಂತೆ. ಇವಳದು ಹಳೇ ಬಂದರಿನ ಸಂದಿಗೊಂದಿ, ಯಾರೂ ಕಣ್ಣು ಹಾಕದ ವಿಚಿತ್ರಗಳು. ಭಾನುವಾರ ಬೆಳಗ್ಗೆ ಹತ್ತು ಹನ್ನೆರಡು ಜನ ಸೇರ್ತಾರೆ. ಇವಳು ಮುಂದೆ, ಅವರು ಹಿಂದೆ. ಅದಕ್ಕೆ ನಡಿಗೆ ಅಂತ ಹೆಸರು. ನಾವು ಹುಟ್ಟಿದಾಗಿಂದ ಕುರಿ ಹಿಂದೆ ನಡೆದಿದ್ದಕ್ಕೆ ಯಾರೂ ಹೆಸರಿಡಲಿಲ್ಲ ನೋಡು.

ಅವಳು ಮಂಗಳೂರು ಸೇರಿದ ಮೂರು ವರ್ಷದಾಗೆ ಮೊದಲ್ನೇ ಸಲ ಬಾ ಅಂದಿದ್ಲು. ನಾನು ಹಿಗ್ಗಿ ಹೋಗಿದ್ದೆ. ಅವಳಿಗೆ ಅಂತ ಒಂದು ಹೊಸ ಕಂಬಳಿ ಒಯ್ದಿದ್ದೆ. ನೋಡಿದವಳೇ, "ಅವ್ವ, ನಾಳೆ ನಡಿಗೆಗೆ ನೀನೂ ಬಾ. ರೇಷ್ಮೆ ಸೀರೆ ಬ್ಯಾಡ, ಅಡವಿಗೆ ಹೋಗುವಾಗ ಉಡ್ತೀಯಲ್ಲ ಅದೇ ಉಟ್ಕ. ಈ ಕಂಬಳೀನೂ ಹೆಗಲ ಮೇಲಿರ್ಲಿ" ಅಂದ್ಲು. ಮಂಗಳೂರಿನ ಸೆಕೆಗೆ ಕಂಬಳಿ ಯಾಕವ್ವ ಅಂತ ನಾನು ಕೇಳಬೇಕಾಗಿತ್ತು. ಕೇಳಲಿಲ್ಲ.

ನಿಜ ಹೇಳ್ತೀನಿ, ನೋಡಾಕೆ ಬಾಳ ಚೆನ್ನಾಗಿತ್ತು. ಒಂದು ಕಡೆ ಮೀನಿಗೆ ಹಾಕೋ ಐಸನ್ನ ಚಪ್ಪಡಿ ಕಲ್ಲಿನಂಗೆ ಜಾರಿಸಿ ಪುಡಿ ಮಾಡ್ತಾರೆ, ಬೀದಿಯೆಲ್ಲ ಹೊಗೆ ಎದ್ದಂಗೆ ಕಾಣ್ತೈತೆ. ಇನ್ನೊಂದು ಸಂದಿಯಾಗೆ ತಕ್ಕಡಿ ರಿಪೇರಿ ಮಾಡೋ ಮುದುಕಪ್ಪ, ತೂಕದ ಕಲ್ಲನ್ನ ಕಿವಿ ಹತ್ರ ಹಿಡಿದು ಬಡಿದು, ಸವೆದೈತೋ ಇಲ್ಲೋ ಹೇಳ್ತಾನೆ. ಒಂದು ಮುರುಕು ಗೋದಾಮಿನ ಹಂಚಿನ ಮೇಲೆ ನಾಯಿ ಹೆಜ್ಜೆ ಮೂಡೈತೆ. ನೂರು ವರ್ಷದ ಹಿಂದೆ ಹಸಿ ಮಣ್ಣು ಇದ್ದಾಗ ತುಳಿದು ಹೋಗಿದ್ದಂತೆ. ಆ ನಾಯಿ ಎಂಥದ್ದಿರಬಹುದು ಅಂತ ಇವಳು ಎಷ್ಟು ಅಕ್ಕರೆಯಿಂದ ಹೇಳಿದ್ಲು ಅಂತೀಯ! ಟೀವಿಯೋರ ಕನ್ನಡ. ಒಂದೇ ಒಂದು ಕಡೆ 'ಐತೆ' ಬರಲಿಲ್ಲ.

ಕಡೆಗೆ ಧಕ್ಕೆಗೆ ಬಂದ್ವಿ, ದೋಣಿ ನಿಲ್ಲೋ ಕಟ್ಟೆಗೆ ಹಂಗಂತಾರೆ. ಅಲ್ಲಿ ಮಂಜಿ ಅಂತ ಮರದ ದೊಡ್ಡ ದೋಣಿ, ಲಕ್ಷದ್ವೀಪಕ್ಕೆ ಹೋಗೋದು. ಈರುಳ್ಳಿ, ಸಿಮೆಂಟು, ಬಾಳೆಗೊನೆ ಏರಿಸಿದ್ರು. ಹಿಂದೆ ಕುರಿ. ನನ್ನ ಕಾಲು ತಾವೇ ನಿಂತ್ವು. ನಮ್ಮ ಕಡೇವೇ ಅಕ್ಕ, ಕಿವಿ ನೋಡಿದ್ರೆ ಗೊತ್ತಾಗಲ್ವ?

ಕೀರ್ತನಾ ಜನರ ಕಡೆ ತಿರುಗಿದ್ಲು. "ಈ ಕುರಿಗಳು ಬಯಲುಸೀಮೆಯಿಂದ ಬಂದು ಬದುಕಿನಲ್ಲಿ ಮೊದಲ ಸಲ ಕಡಲು ನೋಡುತ್ತವೆ. ಇವತ್ತು ನಿಮಗೊಂದು ವಿಶೇಷ ಇದೆ. ಇವರು ಆದಿವಾಲದ ಮಲ್ಲಕ್ಕ, ಕುರಿ ಕಾಯುವವರು. ಇವರೂ ಕಡಲು ನೋಡುತ್ತಿರುವುದು ಇದೇ ಮೊದಲು." ಎಲ್ಲರೂ 'ಓ' ಅಂದು ಫೋನ್ ಎತ್ತಿದ್ರು. ಕೆಲಸದ ಜಾಗದಾಗೆ ಹಿಂಗೇ ಹೇಳ್ತಾರೇನೋ ಅಂದ್ಕಂಡು ಕೈ ಮುಗಿದೆ.

"ಮಲ್ಲಕ್ಕ, ಕುರಿಗಳನ್ನು ಹೇಗೆ ಕರೀತೀರಿ, ತೋರಿಸಿ."

ನಾಲಿಗೆ ಮಡಿಸಿ ಟುರ್ರ್ರ್ ಹೋಯ್ ಅಂದೆ. ಅಷ್ಟೂ ಕುರಿ ಒಟ್ಟಿಗೆ ತಲೆ ತಿರುಗಿಸಿದ್ವು! ಅರಚಿದ್ವು. ದೋಣಿಗೆ ಹಾಕಿದ್ದ ಹಲಗೆ ಮೇಲೆ ಅರ್ಧ ಹತ್ತಿದ್ದ ಒಂದು ಟಗರು ಹಗ್ಗ ಜಗ್ಗಿ ನನ್ನ ಕಡೆ ಬರಾಕೆ ನೋಡ್ತು. ಹಮಾಲಿ ಅದರ ಬೆನ್ನಿಗೆ ಕೋಲಿಂದ ಬಾರಿಸಿದ. ಕರೆದೋಳು ನಾನು, ಏಟು ಅದಕ್ಕೆ. ಜನ ಚಪ್ಪಾಳೆ ಹೊಡೆದ್ರು. ಒಬ್ಬ "ಇನ್ನೊಂದ್ಸಲ ಕರೀರಿ, ವಿಡಿಯೋ ಸರಿ ಬರಲಿಲ್ಲ" ಅಂದ. ನಾನು ಮಗಳ ಮುಖ ನೋಡಿದೆ. ಕಣ್ಣಾಗೇ ಕರಿ ಅಂದ್ಲು. ಕರೆದೆ ಅಕ್ಕ. ಏಟು ಬೀಳ್ತೈತೆ ಅಂತ ಗೊತ್ತಿದ್ದೂ ಕರೆದೆ.

ಬಸ್ಸಿಗೆ ಬಿಡುವಾಗ, "ಅವ್ವ, ಎಲ್ಲರಿಗೂ ಬಾಳ ಹಿಡಿಸ್ತು. ಮುಂದಿನ ತಿಂಗಳೂ ಬಾ" ಅಂದ್ಲು. ಆಗ ಅವಳ ಬಾಯಿಗೆ ನಮ್ಮ ಐತೆ, ಬ್ಯಾಡ ಎಲ್ಲಾ ವಾಪಸ್ ಬಂದಿದ್ವು. ಊರಿಗೆ ಬಂದ ಮೇಲೆ ನಮ್ಮನೆಯವರು, "ಮಗಳು ಚೆನ್ನಾಗಿ ನೋಡ್ಕಂಡ್ಲ?" ಅಂದ್ರು. ಹೂಂ ಅಂದೆ. ಈ ಮನುಷ್ಯ ಅವಳ ಫೋಟೋನ ಹಟ್ಟಿಯೋರಿಗೆಲ್ಲ ತೋರಿಸ್ಕಂಡು ತಿರುಗ್ತಾರೆ, ಇವರಿಗೆ ಏನಂತ ಹೇಳ್ಲಿ?

ನಿನ್ನ ಸೊಸೆ ಲತಾಗೂ ಅವಳ ಕೂಸಿಗೂ ನನ್ನ ಆಶೀರ್ವಾದ ತಿಳಿಸು. ಕೂಸು ನೂರು ವರ್ಷ ಬಾಳ್ಲಿ, ಹೆತ್ತೋರ ಕಣ್ಣ ಮುಂದೇ ಬೆಳೀಲಿ. ಭಾವನಿಗೆ ನಮಸ್ಕಾರ.

ನಿನ್ನ ತಂಗಿ
ಮಲ್ಲಕ್ಕ

ಮರೆತಿದ್ದಲ್ಲ, ಬಿಟ್ಟಿದ್ದು: ಕಾಗದ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೀನಿ. ಕೀರ್ತನಾ ಹಂಗೆ ಪರಿಚಯ ಮಾಡಿದ್ಲು ಅಂತ ನೀನು ಅವಳ ಮೇಲೆ ಸಿಟ್ಟಾಗ್ತೀಯ. ಪೂರಾ ಕೇಳು. ನಡಿಗೆ ಮುಗಿದ ಮೇಲೆ ಟೀ ಅಂಗಡಿಯಾಗೆ ಒಬ್ಬ ಕನ್ನಡಕದ ಹೆಂಗಸು, "ನೀವು ಕೀರ್ತನಾಗೆ ಏನಾಗಬೇಕು? ಮುಖದಲ್ಲಿ ಹೋಲಿಕೆ ಇದೆಯಲ್ಲ" ಅಂದ್ಲು. ಕೀರ್ತನಾ ಪಕ್ಕದಾಗೇ ನಿಂತಿದ್ಲು. ಅವಳ ಕೈಯಾಗಿನ ಲೋಟ ಅರ್ಧಕ್ಕೇ ನಿಂತ್ಕಂತು. ಅವಳು ಏನು ಹೇಳ್ತಾಳೋ ಅಂತ ನನಗೆ ಹೆದರಿಕೆ ಆತು ಅಕ್ಕ. ಅದನ್ನ ಕೇಳೋ ಶಕ್ತಿ ನನಗಿರಲಿಲ್ಲ. ಅದಕ್ಕೇ ಅವಳಿಗಿಂತ ಮುಂಚೆ ನಾನೇ ಅಂದುಬಿಟ್ಟೆ, "ಏನೂ ಆಗಬೇಕಿಲ್ಲ ಕಣಮ್ಮ. ಒಂದೇ ಊರಿನೋರು, ಅಷ್ಟೆ."

ಕೀರ್ತನಾ ಅದನ್ನ ಅಲ್ಲ ಅನ್ನಲಿಲ್ಲ. ಟೀ ಕುಡಿದ್ಲು.