ಶ್ವಜನರೇ ಎಂದವನಿಗೆ

ಮಲ್ಲಿಗೆಪಾಳ್ಯ,
ದೊಡ್ಡಬೆಳವಂಗಲ ಹೋಬಳಿ
೧೯-೮-೧೯೭೧, ಗುರುವಾರ

ಚಿರಂಜೀವಿ ಲಕ್ಷ್ಮಯ್ಯನಿಗೆ ನಿನ್ನ ಅತ್ತಿಗೆ ಮಾಡುವ ಆಶೀರ್ವಾದಗಳು.

ಆರೋಗ್ಯವಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಅಲ್ಲೂ ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದೀಯಾ? ನಿಮ್ಮ ಸೋದರಮಾವ ಅಪ್ಪಯ್ಯಣ್ಣನವರ ಮಂಡಿನೋವು ಹೇಗಿದೆಯೆಂದು ನಾನು ಕೇಳಿದೆನೆಂದು ಹೇಳು. ಇಲ್ಲಿ ಎಲ್ಲರೂ ಕ್ಷೇಮ. ಕೆಂದ ಹಸು ಗಬ್ಬವಾಗಿದೆ. ರಾಗಿಯಲ್ಲಿ ಕಳೆ ಕಿತ್ತೂ ಕಿತ್ತೂ ನಿಮ್ಮಣ್ಣನಿಗೆ ಸೊಂಟ ಹಿಡಿದುಕೊಂಡಿದೆ. ಕ್ಷೇಮ ಸಮಾಚಾರ ಇಷ್ಟೇ. ಇನ್ನು ನಿನ್ನನ್ನು ಬೈಯುವುದಕ್ಕೆ ಶುರು ಮಾಡುತ್ತೇನೆ, ಕೂತುಕೊಂಡು ಓದು.

ಅಲ್ಲ ಕಣಪ್ಪಾ, ಹೇಳದೆ ಕೇಳದೆ ಓಡಿಹೋಗುವಂಥದ್ದು ಏನಾಗಿತ್ತು? ನಮ್ಮೂರ ಸಂಸ್ಕೃತ ಪಾಠಶಾಲೆಯ ವಾರ್ಷಿಕೋತ್ಸವದಲ್ಲಿ ಸ್ವಾಗತ ಭಾಷಣಕ್ಕೆ ಎದ್ದು ನಿಂತೆ. ‘ಸ್ವಜನರೇ’ ಅನ್ನುವ ಕಡೆ ‘ಶ್ವಜನರೇ’ ಅಂದೆ. ಸ್ವಜನ ಅಂದರೆ ನಮ್ಮ ಜನ, ಶ್ವಜನ ಅಂದರೆ ನಾಯಿ ಜನ ಎಂದು ನನಗೆ ತಿಳಿದದ್ದು ಆಮೇಲೆ ನಿನ್ನ ಗುರುಗಳು ಪಂಡಿತರು ಹೇಳಿದಾಗ. ಅಲ್ಲಿ ಕೂತಿದ್ದವರಲ್ಲಿ ಯಾರಿಗೆ ಅರ್ಥವಾಗಿತ್ತು ಹೇಳು? ನಾನಂತೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಸಮಿತಿಯ ಅಧ್ಯಕ್ಷರು, ನಮ್ಮ ವೆಂಕಟರಾಯಪ್ಪನವರು, ಹಾರ ಸರಿಮಾಡಿಕೊಂಡು ಭಲೇ ಭಲೇ ಎಂದು ತಲೆದೂಗುತ್ತಿದ್ದರು. ದೇವನಹಳ್ಳಿಯಿಂದ ಬಂದಿದ್ದ ಆದಿನಾರಾಯಣಪ್ಪ ಮೇಷ್ಟರು ಬಾಗಿ ಕಿವಿಯಲ್ಲಿ ಅರ್ಥ ಊದಿದ ಮೇಲಲ್ಲವೇ ಅವರ ಮುಖ ಕೆಂಪಾದದ್ದು? "ನಮ್ಮೂರಲ್ಲೇ ಕೂರಿಸ್ಕೊಂಡು ನಮ್ಮನ್ನೇ ನಾಯಿ ಅಂತಾನೇನ್ಲಾ ಇವ್ನು?" ಅಂದರು. ಬಾಯಿ ತಪ್ಪಿತು, ಕ್ಷಮಿಸಿ ಅಂದಿದ್ದರೆ ಅಲ್ಲಿಗೇ ನಗುತ್ತಾ ಮುಗಿದುಹೋಗುತ್ತಿತ್ತು. ನೀನು ಮೈಕು ಬಿಟ್ಟು ಇಳಿದೆ. ಸಾಯಂಕಾಲದ ಬಸ್ಸಿಗೆ ಊರನ್ನೇ ಬಿಟ್ಟೆ.

ಆ ಶ ಎಲ್ಲಿಂದ ಬಂದು ವಕ್ಕರಿಸಿತೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಸಾಲೆ, ಸನಿವಾರ, ಸಿವರಾತ್ರಿ. ನೀನು ಬೆಳೆದದ್ದು ಅದೇ ಮಾತಿನಲ್ಲಿ. ಪಂಡಿತರು ತಿದ್ದಿ ತಿದ್ದಿ ಶಾಲೆ, ಶನಿವಾರ ಮಾಡಿಸಿದರು. ಆಮೇಲೆ ನಿನಗೆ ಎಲ್ಲೆಲ್ಲೂ ಶಕಾರವೇ ಕಾಣತೊಡಗಿತು. "ಅತ್ತಿಗೆ, ಇನ್ನೊಂದು ಶೌಟು ಶಾರು" ಎಂದು ಕೇಳಿದ್ದೆಯಲ್ಲ, ನಿಮ್ಮಣ್ಣನಿಗೆ ನಕ್ಕು ನಕ್ಕು ನೆತ್ತಿ ಹತ್ತಿತ್ತು. ಸಭೆಯಲ್ಲಿ ಸ ಅಂದುಬಿಟ್ಟೇನೋ ಎಂಬ ಹೆದರಿಕೆಗೇ ನಿನ್ನ ಬಾಯಲ್ಲಿ ಶ ಬಂತು. ಈಗ ಆ ಮೇಷ್ಟರು, "ನೇಗಿಲು ಹಿಡಿದೋರ ನಾಲ್ಗೆ ತಿರುಗಲ್ಲ ಕಣ್ರೀ, ಸುಮ್ನೆ ಯಾಕೆ ಬಡ್ಕೊಳ್ತೀರಾ" ಎಂದು ಮನೆ ಮನೆಗೆ ಹೇಳಿಕೊಂಡು ತಿರುಗುತ್ತಿದ್ದಾರೆ.

ಆ ಮೇಷ್ಟರಿಗೆ ಬೇಕಾದದ್ದು ಬೇರೆಯೇ. ಪಂಡಿತರ ನಂತರ ಪಾಠಶಾಲೆಯ ಯಜಮಾನಿಕೆ ತಮ್ಮ ಅಳಿಯನಿಗೆ ಆಗಬೇಕು. ಅಳಿಯನ ಟ್ರಂಕು, ಹಾಸಿಗೆ ಸುರುಳಿ ಆಗಲೇ ವೆಂಕಟರಾಯಪ್ಪನವರ ಜಗಲಿಯಲ್ಲಿ ಬಂದು ಕೂತಿವೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಮಿತಿ ಸಭೆ, ಅಂದೇ ತೀರ್ಮಾನ. ಅಳಿಯ ಓದಿದವನೇ, ಸುಳ್ಳು ಹೇಳಬಾರದು. ಆದರೆ ಮೊನ್ನೆ ಹುಡುಗರ ಮುಂದೆ ನಿಂತು, ಶ ಸ ಸರಿಯಾಗಿ ಹೇಳಲು ಬಾರದವರು ಎದ್ದು ಮನೆಗೆ ಹೋಗಬಹುದು ಎಂದನಂತೆ. ಮುನಿಶಾಮಪ್ಪನ ಮಕ್ಕಳು ಎದ್ದು ಹೋದರು, ಕುಂಬಾರರ ಹುಡುಗ ಹೋದ, ನಮ್ಮ ಬೀದಿಯ ಹುಡುಗರೆಲ್ಲ ಹೋದರು. ಈಗ ಪಾಠಶಾಲೆಯಲ್ಲಿ ಅರ್ಧ ಚಾಪೆ ಖಾಲಿ.

ಪಂಡಿತರು ಹಾಸಿಗೆ ಹಿಡಿದಿದ್ದಾರೆ. ಬೆಳಿಗ್ಗೆ ಹಾಲು ಕೊಡಲು ಹೋದಾಗ ಕರೆದು, "ಗಂಗಮ್ಮಾ, ಪಾಠ ಹೇಳೋರು ಎಲ್ಲಾದ್ರೂ ಸಿಗ್ತಾರೆ. ಪಾಠಶಾಲೆ ನಡೆಸೋರನ್ನ ನಾವೇ ಬೆಳೆಸ್ಕೋಬೇಕು" ಎಂದರು. ಅದಕ್ಕೇ ಅಲ್ಲವೇ ಇಷ್ಟು ವರ್ಷ ನಿನ್ನನ್ನು ಬರೀ ಸೂತ್ರ ಉರು ಹೊಡೆಯಲು ಬಿಡದೆ ದುಡಿಸಿದ್ದು? ಪಾಠಕ್ಕೆ ಬಾರದ ಹುಡುಗನ ಮನೆಗೆ ನಿನ್ನನ್ನೇ ಕಳಿಸುತ್ತಿದ್ದರು, ಸುಗ್ಗಿಯಲ್ಲಿ ಹುಡುಗರ ಊಟಕ್ಕೆ ಕಣದಿಂದ ಕಣಕ್ಕೆ ರಾಗಿ ಎತ್ತಲು ನಿನ್ನನ್ನೇ ಅಟ್ಟುತ್ತಿದ್ದರು, ಜಗಳವಾದರೆ ತಾವು ಒಳಗೆ ಕೂತು ನಿನ್ನನ್ನು ಮುಂದೆ ತಳ್ಳುತ್ತಿದ್ದರು. ಮುನಿಶಾಮಪ್ಪ ಮಕ್ಕಳನ್ನು ಕುರಿ ಹಿಂದೆ ಕಳಿಸಿದ ದಿನ ನೀನು ಅವನ ಹೊಲದಲ್ಲಿ ಸಂಜೆವರೆಗೆ ಕಳೆ ಕಿತ್ತು, ಮಾತಿಗೆ ಮಾತು ಸೇರಿಸಿ, ಮಕ್ಕಳನ್ನು ಕರೆದುಕೊಂಡೇ ಬಂದೆ. ಅವತ್ತು ಪಂಡಿತರು "ಇವ್ನು ನಡೆಸ್ತಾನೆ" ಎಂದಿದ್ದರು. ಇವತ್ತು, "ತಪ್ಪಿಲ್ಲದೆ ಹೇಳೋದು ಕಲಿಸ್ದೆ. ತಪ್ಪಿದ ಮೇಲೆ ನಿಂತ್ಕೊಳ್ಳೋದು ಕಲಿಸ್ಲಿಲ್ವಲ್ಲಮ್ಮಾ" ಎಂದು ಗೋಡೆ ಕಡೆಗೆ ಮುಖ ತಿರುಗಿಸಿಕೊಂಡರು. ನನಗೆ ಅಳು ಬಂತು. ನಿನ್ನ ಮೇಲೆ ಕೆಟ್ಟ ಕೋಪವೂ ಬಂತು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನು ಚಡ್ಡಿ ಜಾರಿಸಿಕೊಂಡು ಓಡಾಡುವ ಹುಡುಗ. ತಾಯಿಯಿಲ್ಲದ ಮಗುವೆಂದು ತುತ್ತು ಇಟ್ಟು ಬೆಳೆಸಿದೆ, ಅದಕ್ಕೇ ಇಷ್ಟು ಬಾಯಿ ಮಾಡುವ ಹಕ್ಕು ನನಗಿದೆ. ಮಾವನ ಅಂಗಡಿಯಲ್ಲಿ ಹಿಂಡಿ ತೂಗಿಕೊಂಡು ಇದ್ದುಬಿಡುತ್ತೀಯಂತೆ, ಅಲ್ಲಿ ನಿನ್ನನ್ನು ಕಂಡು ಬಂದ ಬೈಲಪ್ಪ ಹೇಳಿದ. ತೂಗಪ್ಪಾ, ಕೆಟ್ಟ ಕೆಲಸವೇನಲ್ಲ. ಆದರೆ ಆ ಹುಡುಗರು ಇನ್ನೊಮ್ಮೆ ಈ ಪಾಠಶಾಲೆಯ ಹೊಸಿಲು ತುಳಿಯುವುದಿಲ್ಲ, ಅದನ್ನು ತಿಳಿದುಕೊಂಡು ತೂಗು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಗಾದೆ ಹೇಳಬೇಡ. ನೀನಿನ್ನೂ ಆನೆ ಕೊಟ್ಟು ನೋಡಿಲ್ಲ. ಹೊಸಕೋಟೆಯಿಂದ ಇಲ್ಲಿಗೆ ಬಸ್ಸಿದೆ.

ಬೈಲಪ್ಪ ನಾಳೆ ಎಮ್ಮೆ ನೋಡಲು ಆ ಕಡೆ ಬರುತ್ತಾನೆ. ಅವನ ಕೈಲಿ ಈ ಕಾಗದ, ಒಂದಿಷ್ಟು ಹುರಿಗಾಳು ಕಳಿಸುತ್ತಿದ್ದೇನೆ. ಮಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ದೇವರು ನಿನಗೆ ಒಳ್ಳೆಯ ಬುದ್ಧಿಯನ್ನೂ ಗಟ್ಟಿ ಗುಂಡಿಗೆಯನ್ನೂ ಕೊಡಲಿ.

ಇಂತಿ ನಿನ್ನ ಅತ್ತಿಗೆ,
ಗಂಗಲಕ್ಷ್ಮಮ್ಮ

ಮತ್ತೆ: ಕಾಗದ ಮಡಿಸುವಷ್ಟರಲ್ಲಿ ಪಂಡಿತರ ಮನೆಯಿಂದ ಕೂಗು ಬಂತು, ಓಡಿದೆ. ಅಧ್ಯಕ್ಷರನ್ನು ಕರೆದುಕೊಂಡು ಆದಿನಾರಾಯಣಪ್ಪ ಬಂದು, ಪಾಠಶಾಲೆಯ ಬೀಗದ ಕೈ ಈಗಲೇ ಕೊಡಿ ಎಂದು ಹಾಸಿಗೆಯ ಪಕ್ಕ ನಿಂತಿದ್ದರು. ಪಂಡಿತರು ದಿಂಬಿನ ಕೆಳಗಿಂದ ತೆಗೆದು ಚಾಚಿಯೂ ಬಿಟ್ಟಿದ್ದರು. ನಾನು ನಡುವೆ ನುಗ್ಗಿ ಕಿತ್ತುಕೊಂಡೆ. "ನಮ್ ಲಕ್ಷ್ಮಯ್ಯ ಭಾನ್ವಾರ ಬರ್ತಾನೆ. ಅದೇ ಜಾಗ್ದಲ್ಲಿ, ನಿಮ್ಮೆಲ್ರ ಮುಂದೆ, ಅದೇ ಬಾಸಣ ಮೊದ್ಲಿಂದ ಮಾಡ್ತಾನೆ. ಬರ್ಲಿಲ್ಲಾ ಅಂದ್ರೆ ನನ್ ಕೈಯಾರೆ ನಿಮ್ ಅಳಿಯಂಗೆ ಕೊಡ್ತೀನಿ" ಅಂದುಬಿಟ್ಟೆ. ವೆಂಕಟರಾಯಪ್ಪನವರು ನನ್ನನ್ನೇ ನೋಡಿ "ಆಯ್ತು ಕಣಮ್ಮ, ಕೇಳಾನ" ಎಂದರು. ನಿನ್ನನ್ನು ಕೇಳದೆ ಮಾತು ಕೊಟ್ಟಿದ್ದೇನೆ. ಅವಸರದಲ್ಲಿ ಗೀಚಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಸರಿಮಾಡಿಕೊಂಡು ಓದು. ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿದೆ. ಭಾನುವಾರ ಬಿಚ್ಚಿ ಯಾರ ಕೈಗೆ ಹಾಕಲಿ, ನೀನೇ ಬಂದು ಹೇಳು.