ಬೇಡ ಅನ್ನುವುದಕ್ಕೆ ಬಾಯೇ ಬೇಕೆ?

ಮಾನ್ಯ ಮೇಲ್ಮನವಿ ಅಧಿಕಾರಿಗಳೇ,

ನಿಮ್ಮ ಕಂಪನಿಯ ಇಂಟರ್ನೆಟ್ ನಮ್ಮ ಮನೆಗೆ ಬೇಡ ಎಂದು ತಿಳಿಸಲು ನನ್ನ ಅತ್ತೆ ರಂಗಕ್ಕನವರು ಐದು ತಿಂಗಳಿಂದ ಪ್ರಯತ್ನಿಸುತ್ತಿದ್ದಾರೆ. ಬೇಡ ಎನ್ನುವುದಕ್ಕೆ ನೀವು ಕೇಳಿದ ಎರಡು ಸಾವಿರದ ಮುನ್ನೂರ ಅರವತ್ತು ರೂಪಾಯಿಯನ್ನು ಮೊದಲ ವಾರವೇ ಕಟ್ಟಿದ್ದಾರೆ. ನಿಮ್ಮ ರಸೀದಿಯಲ್ಲಿ ಅದಕ್ಕೆ ‘ಅವಧಿಪೂರ್ವ ನಿರ್ಗಮನ ಶುಲ್ಕ’ ಎಂದು ಹೆಸರಿದೆ. ಓದಿದವರು ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡರು ಎಂದುಕೊಳ್ಳಬೇಕು. ಶುಲ್ಕ ಸಂದಿದೆ, ನಿರ್ಗಮನ ಮಾತ್ರ ಆಗಿಲ್ಲ. ಏಕೆಂದರೆ ನಿಮ್ಮ ನಿಯಮದ ಪ್ರಕಾರ ಖಾತೆದಾರರೇ ಖುದ್ದಾಗಿ ಫೋನಿನಲ್ಲಿ, ಸ್ಪಷ್ಟ ಧ್ವನಿಯಲ್ಲಿ, ಬೇಡ ಎಂದು ಹೇಳಬೇಕು. ಖಾತೆದಾರರಾದ ನನ್ನ ಅತ್ತೆಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತು ಬರುವುದಿಲ್ಲ.

ನಾನು ಗಂಗಲಕ್ಷ್ಮಿ, ಶೆಟ್ಟಿಕೆರೆಯವಳು. ಇಲ್ಲಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಅರ್ಜಿ, ಷರತ್ತು, ಲಗತ್ತು, ಸ್ವೀಕೃತಿ ಇವೆಲ್ಲದರ ಜೊತೆ ಹದಿನಾರು ವರ್ಷ ಸಂಸಾರ ಮಾಡಿದ್ದೇನೆ. ಆದ್ದರಿಂದ ನಿಯಮ ಎಂದ ಕೂಡಲೇ ಹೌಹಾರುವವಳಲ್ಲ. ನಮ್ಮ ಡೈರಿಗೂ ನಿಯಮಗಳಿವೆ. ಒಬ್ಬರು ನಮಗೆ ಹಾಲು ಹಾಕುವುದು ಬಿಟ್ಟು ಖಾಸಗಿಯವರಿಗೆ ಹಾಕಲು ಹೊರಟರೆ ನಾವು ಮುಖ ಊದಿಸಿಕೊಳ್ಳುತ್ತೇವೆ, ಎದುರು ಸಿಕ್ಕಾಗ ಎಮ್ಮೆ ಚೆನ್ನಾಗಿದೆಯೇ ಎಂದು ಕೊಂಕು ಕೇಳುತ್ತೇವೆ, ಅಷ್ಟೇ. ನೀವು ಬಿಡುವುದಾದರೆ ನಿಮ್ಮ ಎಮ್ಮೆಯೇ ಬಂದು ಹೇಳಬೇಕು ಎಂದು ಈವರೆಗೆ ಯಾರನ್ನೂ ಕೇಳಿಲ್ಲ.

ಇಂಟರ್ನೆಟ್ ಹಾಕಿಸಿಕೊಂಡದ್ದು ಏಕೆಂದು ನಿಮಗೆ ತಿಳಿದಿರಬೇಕು. ಅತ್ತೆಗೆ ಒಬ್ಬ ತಂಗಿ ಇದ್ದಾರೆ, ಮಂಜಮ್ಮ. ಹುಳಿಯಾರಿನಿಂದಾಚೆಗೆ ಕುರಿಯವರ ಹಟ್ಟಿಯಲ್ಲಿದ್ದಾರೆ. ಅವರಿಗೂ ಕಿವಿಯಿಲ್ಲ, ಮಾತಿಲ್ಲ. ಈ ಇಬ್ಬರೂ ಶಾಲೆಯ ಮುಖ ನೋಡಿದವರಲ್ಲ. ಕುರಿ ಮೇಯಿಸುತ್ತಾ ಚಿಕ್ಕಂದಿನಲ್ಲೇ ಕೈಯಲ್ಲಿ ಒಂದು ಭಾಷೆ ಕಟ್ಟಿಕೊಂಡರು. ಅದನ್ನು ಪೂರ್ತಿ ಬಲ್ಲವರು ಈ ಭೂಮಿಯ ಮೇಲೆ ಅವರಿಬ್ಬರೇ. ಇಪ್ಪತ್ತೆರಡು ವರ್ಷ ಜೊತೆಗಿದ್ದ ನನಗೆ ಅರ್ಧ ತಿಳಿಯುತ್ತದೆ, ನನ್ನ ಗಂಡ ರಂಗನಾಥರಿಗೆ ಕಾಲುಭಾಗ. ಆ ಭಾಷೆಯಲ್ಲಿ ನನ್ನ ಹೆಸರು ಮೂಗಿನ ಮೇಲೆ ಬೆರಳಿಡುವುದು. ಏಕೆ ಎಂದು ಕೇಳುವ ಧೈರ್ಯ ನನಗೆ ಬಂದಿಲ್ಲ. ಹೋದ ವರ್ಷ ಅತ್ತೆಯ ಸೊಂಟದ ಮೂಳೆ ಮುರಿದು ಬಸ್ಸು ಹತ್ತುವುದು ನಿಂತಿತು. ಆಟೊದಲ್ಲಿ ಒಮ್ಮೆ ಕರೆದುಕೊಂಡು ಹೋದರೆ ಎಂಟು ದಿನ ನೋವು. ಮೊಬೈಲ್ ಸಿಗ್ನಲ್ ನಮ್ಮ ಮನೆಯ ಒಳಗೂ ಹೊರಗೂ ಮಾತಿಗೆ ಸಾಕು, ಚಿತ್ರಕ್ಕೆ ಸಾಲದು. ಹಾಗಾಗಿ ನಿಮ್ಮ ಸಂಪರ್ಕ ಬಂತು. ದಿನಾ ಮಧ್ಯಾಹ್ನ ಮೂರಕ್ಕೆ ಮಂಜಮ್ಮನವರ ಸೊಸೆ ದಾನೇಶ್ವರಿ ಅಲ್ಲಿ ಫೋನು ಹಿಡಿಯುತ್ತಿದ್ದಳು, ಇಲ್ಲಿ ನಾನು. ನಾಲ್ಕು ಕೈ ಒಂದು ಗಂಟೆ ಹರಟುತ್ತಿದ್ದವು. ನಮ್ಮ ಮನೆಯಲ್ಲಿ ಅತಿ ಹೆಚ್ಚು ಗದ್ದಲವಿದ್ದ ಗಂಟೆ ಅದೇ.

ಮನೆಯ ಕಂದಾಯ ಅತ್ತೆಯ ಹೆಸರಿನಲ್ಲಿರುವುದರಿಂದ ಖಾತೆಯೂ ಅವರ ಹೆಸರಿಗೇ ಆಯಿತು. ನಿಮ್ಮ ಏಜೆಂಟ್ ಸೂರ್ಯಪ್ರಕಾಶ ಅರ್ಜಿಯನ್ನು ಮೊಬೈಲಿನಲ್ಲಿ ತೆಗೆದು ಮುಂದೆ ಹಿಡಿದಾಗ, ಅತ್ತೆ ವಯಸ್ಕರ ಶಿಕ್ಷಣದಲ್ಲಿ ಕಲಿತ ಮೂರು ಅಕ್ಷರವನ್ನು ಗಾಜಿನ ಮೇಲೆ ಬೆರಳಿನಲ್ಲೇ ಬರೆದರು. ಅವರ ಮದುವೆಗೆ ಒಪ್ಪಿಗೆ ಕೊಟ್ಟದ್ದು ಅವರ ಅಪ್ಪ. ಜಮೀನಿನ ಪತ್ರಕ್ಕೆ ಹೂಂ ಎಂದದ್ದು ಅವರ ಅಣ್ಣ. ಬೇರೆಯವರ ಬಾಯಿ ನಡುವೆ ಬಾರದೆ ತಾವೇ ಒಪ್ಪಿ ಸಹಿ ಹಾಕಿದ ಮೊದಲ ಅರ್ಜಿ ನಿಮ್ಮದು. ಒಂದು ವಾರ ಬಂದವರಿಗೆಲ್ಲ ಆ ಬೆರಳು ತೋರಿಸಿದರು. ಸೇರಿಕೊಳ್ಳುವಾಗ ನಿಮಗೆ ಬೆರಳು ಸಾಕಾಗಿತ್ತು. ಬಿಡುವಾಗ ಮಾತ್ರ ನಾಲಿಗೆ ಬೇಕಾಯಿತೇ?

ಬಿಡಬೇಕಾದದ್ದು ಏಕೆಂದರೆ, ನಿಮ್ಮ ತಂತಿ ನಮ್ಮ ಮನೆಗೆ ಕಂಬದ ಮೇಲೆ ಬಂದಿಲ್ಲ, ತೆಂಗಿನ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದಿದೆ. “ಕಂಬ ಯಾತಕ್ಕಕ್ಕ, ಮರ ಐತಲ್ಲ” ಎಂದಿದ್ದ ಸೂರ್ಯಪ್ರಕಾಶ. ನಿಜವೇ, ಈ ಸೀಮೆಯಲ್ಲಿ ಕಂಬಕ್ಕಿಂತ ಮರ ಹೆಚ್ಚು. ಆದರೆ ಕಂಬದ ಮೇಲಿಂದ ಯಾರೂ ಕಾಯಿ ಕೀಳಿಸುವುದಿಲ್ಲ. ತೋಟದಲ್ಲಿ ಗೊನೆ ಬಿದ್ದಾಗಲೆಲ್ಲ ತಂತಿ ಹರಿಯುತ್ತದೆ, ಗಾಳಿಗೆ ಗರಿ ಕಳಚಿದರೂ ಹರಿಯುತ್ತದೆ. ಹರಿದ ಮೇಲೆ ಸರಿಯಾಗಲು ಹನ್ನೊಂದು ದಿನ, ಹದಿನೈದು ದಿನ. ನಿಮ್ಮ ದಾಖಲೆಯಲ್ಲಿ ಅದು ‘ಗ್ರಾಹಕರ ಕಡೆಯಿಂದಾದ ಹಾನಿ’. ಮರವೂ ನಮ್ಮದು, ಗೊನೆಯೂ ನಮ್ಮದು, ಒಪ್ಪಿದೆ. ನಮ್ಮ ತೆಂಗಿಗೆ ನಿಮ್ಮ ತಂತಿ ನೋಡಿಕೊಂಡು ಬೀಳುವ ಅಭ್ಯಾಸ ಇನ್ನೂ ಆಗಿಲ್ಲ.

ಇನ್ನೊಂದು ಕಂಪನಿಯ ತಂತಿ ರಸ್ತೆ ಬದಿಯ ಕಂಬದ ಮೇಲೆ ಊರೊಳಗೆ ಬಂದಿದೆ. ಅದಕ್ಕೂ ಏಜೆಂಟ್ ಇದೇ ಸೂರ್ಯಪ್ರಕಾಶ. “ಹಳೇದು ರದ್ದಾಗಿರೋ ಪತ್ರ ತನ್ನಿ ಅಕ್ಕ, ಅವತ್ತೇ ಎಳೀತೀನಿ. ರದ್ದಾಗ್ದೆ ಅದೇ ಮನೆಗೆ ಕೊಟ್ರೆ ನನ್ನ ಏಜೆನ್ಸೀನೇ ಕಿತ್ಕತಾರೆ” ಎಂದ. ಅವನ ಮೇಲೆ ನನಗೆ ಕೋಪವಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವನು ಹುಷಾರಾಗಿಯೇ ಇರಬೇಕು.

ಶುಲ್ಕ ಕಟ್ಟಿದ ಮೇಲೆ ನಿಮ್ಮವರು ಪೆಟ್ಟಿಗೆ ಕೇಳಿದರು, ಅದೇ ದೀಪ ಮಿನುಗುವ ರೂಟರು. ಇಲ್ಲಿ ನಮ್ಮ ಕಡೆಯಿಂದ ಒಂದು ತಪ್ಪಾಗಿದೆ, ಮುಚ್ಚಿಡುವುದಿಲ್ಲ. ಎತ್ತರದಲ್ಲಿದ್ದರೆ ಮನೆಗೆಲ್ಲ ಸಿಗುತ್ತದೆ ಎಂದು ಸೂರ್ಯಪ್ರಕಾಶ ಅದನ್ನು ಅಟ್ಟದ ಮೂಲೆಯಲ್ಲಿ ಕೂರಿಸಿದ್ದ. ಆಮೇಲೆ ಕಾಯಿ ಕೀಳಿಸಿ ಅಟ್ಟಕ್ಕೆ ತುಂಬಿದೆವು. ಪೆಟ್ಟಿಗೆಯ ನೆನಪು ಯಾರಿಗೂ ಬರಲಿಲ್ಲ, ಅದು ಕಾಯಿಯ ಕೆಳಗಿದ್ದೂ ಕೆಲಸ ಮಾಡುತ್ತಿತ್ತು. ನಿಮಗೆ ತಿಳಿಯದಿದ್ದರೆ ಹೇಳುತ್ತೇನೆ: ತಿಪಟೂರು ಸೀಮೆಯ ಕೊಬ್ಬರಿ ಬಿಸಿಲಿನಲ್ಲಿ ಆಗುವುದಲ್ಲ, ಅಟ್ಟದ ಮೇಲೆ ಆಗುತ್ತದೆ. ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತು, ಒಳಗಿನ ನೀರು ತಾನಾಗಿ ಇಂಗಿ, ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿಯವರೆಗೆ ಯಾರೂ ಮುಟ್ಟುವುದಿಲ್ಲ. ನೀವು ಪೆಟ್ಟಿಗೆಗೆ ಕೊಟ್ಟ ಗಡುವು ಹದಿನೈದು ದಿನ, ಕಾಯಿಗೆ ಆಗ ಆಗಿದ್ದದ್ದು ಆರು ತಿಂಗಳು. ಪಕ್ಕದ ಮನೆಯ ಹುಚ್ಚರಂಗಯ್ಯನವರು ಏಣಿಯ ಬುಡದಲ್ಲಿ ನಿಂತು ಹೇಳಿದರು: “ಈಗ ಕದಲಿಸಿದ್ರೆ ಒಳಗೇ ಒಡೆದು ಕೌಟು ಹಿಡೀತದೆ ಕಣವ್ವ. ಆ ಡಬ್ಬಿ ಆಸೆ ಬುಟ್ಬುಡಿ.”

ಬಿಡುವ ಹಾಗಿರಲಿಲ್ಲ. ಪೆಟ್ಟಿಗೆ ಬಾರದೆ ರದ್ದತಿ ಮುಂದುವರಿಯುವುದಿಲ್ಲ, ಅದರ ಬೆಲೆ ಕಟ್ಟಿದರೂ ಮುಂದುವರಿಯುವುದಿಲ್ಲ ಎಂದು ನಿಮ್ಮ ಕಚೇರಿ ತಿಳಿಸಿತ್ತು. ನಾನೂ ನನ್ನ ಗಂಡನೂ ಎರಡು ದಿನ ಲೆಕ್ಕಾಚಾರ ಮಾಡುತ್ತಾ ಕೂತೆವು. ಮೂರನೆಯ ದಿನ ಡೈರಿಯಿಂದ ಬಂದರೆ, ಅತ್ತೆ ಏಣಿಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ, ಕಾಯಿ ಕೀಳುವ ಗಿಡ್ಡಯ್ಯ ಮೇಲಿನಿಂದ ಕಾಯಿ ಇಳಿಸುತ್ತಿದ್ದಾನೆ. ಯಾರನ್ನೂ ಕೇಳಿರಲಿಲ್ಲ. ಮನೆ ಅವರದು, ಅಟ್ಟ ಅವರದು. ಸಂಜೆಯೊಳಗೆ ನಾಲ್ಕು ಸಾವಿರ ಕಾಯಿ ಅಂಗಳಕ್ಕೆ ಬಂದವು. ಪೆಟ್ಟಿಗೆ ಸಿಕ್ಕಿತು. ಕೊಬ್ಬರಿ ಮಾತ್ರ, ಹುಚ್ಚರಂಗಯ್ಯನವರು ಹೇಳಿದ ಹಾಗೇ, ಕೌಟು ವಾಸನೆ ಹಿಡಿದು ಕೆಟ್ಟಿತು. ಅದಕ್ಕೆ ನಾನು ಪರಿಹಾರ ಕೇಳುತ್ತಿಲ್ಲ. ನಿಮ್ಮ ಅರ್ಜಿಯಲ್ಲಿ ಕೊಬ್ಬರಿಗೆ ಕಾಲಂ ಇಲ್ಲವೆಂದು ನೋಡಿಕೊಂಡಿದ್ದೇನೆ.

ಪೆಟ್ಟಿಗೆ ತಲುಪಿತು ಎಂದು ನಿಮ್ಮಿಂದ ಸಂದೇಶ ಬಂತು. ಅದರ ಬೆನ್ನಿಗೇ ಇನ್ನೊಂದು: ಕೊನೆಯ ಹಂತವಾಗಿ ಖಾತೆದಾರರ ಧ್ವನಿ ದೃಢೀಕರಣ. ನಾನು ಕರೆ ಮಾಡಿ ವಿಷಯ ತಿಳಿಸಿದೆ. ಫೋನೆತ್ತಿದ ಹುಡುಗಿ ಒಳ್ಳೆಯವಳು. “ಅರ್ಥ ಆಗುತ್ತೆ ಮೇಡಂ, ಅವರಿಗೇ ಫೋನ್ ಕೊಡಿ, ಒಂದು ಯೆಸ್ ಅಂದರೆ ಸಾಕು” ಎಂದಳು. ನಾನು ಮತ್ತೆ ವಿಷಯ ತಿಳಿಸಿದೆ. “ಅರ್ಥ ಆಗುತ್ತೆ ಮೇಡಂ” ಎಂದಳು. ಅತ್ತೆಯ ಸಹಿಯೊಂದಿಗೆ ಪತ್ರ ಕಳಿಸಿದೆವು, ಜೊತೆಗೆ ಸರ್ಕಾರಿ ವೈದ್ಯರು ಕೊಟ್ಟ ಅಂಗವಿಕಲ ಪ್ರಮಾಣಪತ್ರ. ಉತ್ತರ ಬಂತು: ‘ತಮ್ಮ ಪ್ರಮಾಣಪತ್ರ ಸ್ವೀಕೃತವಾಗಿದೆ. ಖಾತೆದಾರರು ಕರೆ ಮಾಡಿ ಇದನ್ನು ದೃಢಪಡಿಸತಕ್ಕದ್ದು.’ ಹದಿನಾರು ವರ್ಷದಲ್ಲಿ ನಾನು ಅನೇಕ ಕಚೇರಿ ಪತ್ರ ಓದಿದ್ದೇನೆ. ಇದನ್ನು ಮಾತ್ರ ಎರಡು ಸಲ ಓದಿದೆ.

ಸೂರ್ಯಪ್ರಕಾಶ ಉಪಾಯ ಹೇಳಿದ. “ನಾನೇ ರಂಗಕ್ಕ ಅಂತ ನೀವೇ ಯೋಳ್ಬುಡಿ ಅಕ್ಕ. ಅವರಿಗೇನು ಮೊಕ ಕಾಣ್ತದಾ?” ನನಗೂ ಸರಿಯೆನಿಸಿ ಕರೆ ಮಾಡಿದೆ. ಸುಳ್ಳು ಹೇಳುವುದಕ್ಕೆ ಮುಂಚೆ ಯಾರ ಹೆಸರಿನಲ್ಲಿ ಹೇಳುತ್ತೇನೋ ಅವರನ್ನೊಂದು ಮಾತು ಕೇಳೋಣವೆಂದು ಅತ್ತೆಗೆ ಕೈಯಲ್ಲಿ ವಿವರಿಸಿದೆ. ಅವರು ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಬೇರೆಯವರು ಮಾಡುವುದನ್ನು ಇಷ್ಟು ವರ್ಷ ನೋಡಿದ್ದಾರಲ್ಲ, ಹಾಗೇ ಕಿವಿಗೆ ಇಟ್ಟುಕೊಂಡರು. ಆ ಕಡೆಯಿಂದ ಯಾರೋ ಹೆಸರು, ಹುಟ್ಟಿದ ದಿನಾಂಕ ಕೇಳುತ್ತಿದ್ದರು. ಅತ್ತೆ ಉಸಿರೆಳೆದುಕೊಂಡು ತಮಗೆ ಬರುವ ಒಂದೇ ಸದ್ದನ್ನು ಮಾಡಿದರು. ಆ ಸದ್ದು ನಾನು ಕೇಳಿದ್ದು ಎರಡೇ ಸಲ, ಮಾವ ತೀರಿಕೊಂಡ ದಿನ ಮತ್ತು ಅವತ್ತು. ನನಗೆ ನಿಲ್ಲಲಾಗಲಿಲ್ಲ, ಒಳಗೆ ಹೋದೆ. ಹತ್ತು ನಿಮಿಷಕ್ಕೆ ನಿಮ್ಮ ಸಂದೇಶ ಬಂತು: ‘ಧ್ವನಿ ಸ್ಪಷ್ಟವಾಗಿಲ್ಲದ ಕಾರಣ ಕೋರಿಕೆ ತಿರಸ್ಕೃತ. ನಮ್ಮೊಂದಿಗೆ ಮುಂದುವರಿದದ್ದಕ್ಕೆ ಧನ್ಯವಾದಗಳು.’

ಇಷ್ಟಕ್ಕೆ ಅವಸರವೇನು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮಂಜಮ್ಮನವರ ಕಣ್ಣು ಹೋಗುತ್ತಿದೆ. ಕಣ್ಣಿನೊಳಗಿನ ಒತ್ತಡದ ಕಾಯಿಲೆ. ಹೋದ ದೃಷ್ಟಿ ಆಪರೇಷನ್ನಿಗೂ ಬರುವುದಿಲ್ಲವಂತೆ, ಇರುವುದನ್ನು ಔಷಧಿಯಲ್ಲಿ ಎಷ್ಟು ದಿನ ಕಾಪಾಡಿಕೊಂಡರೆ ಅಷ್ಟು. ಒಂದು ಕಣ್ಣು ಪೂರ್ತಿ ಮುಚ್ಚಿತು. ಇನ್ನೊಂದರಲ್ಲಿ ಸುತ್ತಲಿನದೆಲ್ಲ ಕತ್ತಲಾಗಿ ನಡುವೆ ಒಂದಿಷ್ಟು ಉಳಿದಿದೆ. ಎದುರಿಗೆ ನಿಂತವರು ಅದರೊಳಗೆ ಪೂರ್ತಿ ಹಿಡಿಸುವುದಿಲ್ಲ, ಮುಖ ಕಂಡರೆ ಕೈ ಕಾಣುವುದಿಲ್ಲ. ಆದರೆ ಮೊಬೈಲಿನ ಪರದೆ ಹಿಡಿಸುತ್ತದೆ. ಅಕ್ಕನ ಮುಖ, ಎರಡು ಕೈ, ಎಲ್ಲ ಆ ಚೂರು ಜಾಗದೊಳಗೆ ಕಾಣುತ್ತದೆ. ಅದೂ ಮುಚ್ಚಿದ ಮೇಲೆ ಅವರ ಭಾಷೆಗೆ ಕೇಳಿಸಿಕೊಳ್ಳುವವರು ಇರುವುದಿಲ್ಲ, ನನ್ನ ಅತ್ತೆ ಆಡುವುದನ್ನು ಪೂರ್ತಿ ಬಲ್ಲವರು ಒಬ್ಬರೂ ಉಳಿಯುವುದಿಲ್ಲ. ನಿಮ್ಮ ‘ಕೋರಿಕೆ ಪರಿಶೀಲನೆಯಲ್ಲಿದೆ’ ಎಂಬ ಐದು ತಿಂಗಳು ಕಳೆದುಹೋದದ್ದು ಆ ಕಣ್ಣಿಗೆ ಉಳಿದಿದ್ದ ದಿನಗಳಿಂದ. ಅತ್ತೆ ಈಗಲೂ ಮೂರು ಗಂಟೆಗೆ ಮುಖ ತೊಳೆದು ಸೆರಗು ಸರಿಮಾಡಿಕೊಂಡು ಕೂರುತ್ತಾರೆ. ನಾಲ್ಕಕ್ಕೆ ಎದ್ದು ಕಾಫಿ ಕುಡಿಯುತ್ತಾರೆ.

ಕಟ್ಟಿದ ಶುಲ್ಕ ನೀವೇ ಇಟ್ಟುಕೊಳ್ಳಿ. ಪೆಟ್ಟಿಗೆ ನಿಮ್ಮ ಬಳಿಯೇ ಇದೆ. ನಮ್ಮ ಪರವಾಗಿ ನಿಯಮ ಸಡಿಲಿಸಿ ಎಂದೂ ಕೇಳುತ್ತಿಲ್ಲ, ಖಾತೆದಾರರ ಮಾತನ್ನು ಖಾತೆದಾರರಿಂದಲೇ ಪಡೆಯಬೇಕೆಂಬುದು ನನ್ನ ಅತ್ತೆಯ ಅಭಿಪ್ರಾಯವೂ ಹೌದು. ಆದ್ದರಿಂದ ನಿಮ್ಮ ಕಚೇರಿಯಿಂದ ಅಧಿಕಾರವುಳ್ಳ ಒಬ್ಬರನ್ನು ಈ ವಾರದೊಳಗೆ ಶೆಟ್ಟಿಕೆರೆಗೆ ಕಳಿಸಿಕೊಡಿ. ಚಿಕ್ಕನಾಯಕನಹಳ್ಳಿಯಿಂದ ಬಸ್ಸಿದೆ. ಬಂದವರು ನನ್ನ ಅತ್ತೆಯ ಎದುರು ಕೂತು, ನಮ್ಮ ಇಂಟರ್ನೆಟ್ ಬೇಕೇ ಎಂದು ಕೇಳಲಿ. ನಾನು ಕೈಯಲ್ಲಿ ತಿಳಿಸುತ್ತೇನೆ. ಅತ್ತೆ ಎರಡು ಅಂಗೈ ತಟ್ಟಿ ಕೊಡವುತ್ತಾರೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೊಡವುತ್ತಾರೆ. ನಿಮ್ಮವರಿಗೆ ಕಣ್ಣು ಕಾಣುತ್ತದೆ ಎಂದು ನಂಬಿದ್ದೇನೆ. ಮಂಜಮ್ಮನವರಿಗೂ ಕಾಣುತ್ತಿರುವಾಗಲೇ ಬನ್ನಿ.

ಇಂತಿ,
ಖಾತೆದಾರರ ಪರವಾಗಿ ಮಾತನಾಡುವ ಅಧಿಕಾರವಿಲ್ಲದೆಯೇ ಇಷ್ಟೆಲ್ಲ ಮಾತನಾಡಿದ ಸೊಸೆ,
ಗಂಗಲಕ್ಷ್ಮಿ
ಶೆಟ್ಟಿಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು