ನಮ್ಮದು ಬೇರೆ ವಿಷಯ

ಹಾರ್ಲನ್ ಫೋರ್ಡ್, ಪೆನ್ಸಿಲ್ವೇನಿಯಾ
ಭಾನುವಾರ, 23 ಅಕ್ಟೋಬರ್ 2022

ಪ್ರೀತಿಯ ಟೆಸ್ಸಾ,

ಮಣಿಕಟ್ಟಿನ ಸುಟ್ಟ ಗಾಯ ಹೇಗಿದೆ, ಅದನ್ನು ಮೊದಲು ಹೇಳು. ವೆಲ್ಡಿಂಗ್ ಮಾಡುವವರಿಗೆ ಇವೆಲ್ಲ ಮಾಮೂಲು ಎಂದು ನೀನು ಬರೆದಿದ್ದೆ. ಮಾಮೂಲು ಅಂತ ಬಿಟ್ಟ ಗಾಯಗಳೇ ಕೀವು ಕಟ್ಟುವುದು. ಆಯಸ್ಸಿನ ಅರ್ಧವನ್ನು ಆಸ್ಪತ್ರೆಯ ವಾರ್ಡಿನಲ್ಲಿ ಕಳೆದ ದಾದಿಯ ಮಾತು ಇದು, ಕಿವಿಗೆ ಹಾಕಿಕೋ. ನೀನಿರುವ ಡುಲುತ್‌ನಲ್ಲಿ ಆಗಲೇ ಹಿಮ ಬಿದ್ದಿದೆಯೆಂದು ಟಿವಿಯಲ್ಲಿ ತೋರಿಸಿದರು. ಸರೋವರದ ಗಾಳಿಗೆ ಎದೆ ಕೊಟ್ಟು ಹಡಗಿನ ಮೇಲೆ ನಿಂತಿರುತ್ತೀಯಲ್ಲ, ನಾನು ಕಳಿಸಿದ ಉಣ್ಣೆಯ ಟೋಪಿ ಹಾಕಿಕೊಳ್ಳುತ್ತೀಯೋ ಇಲ್ಲವೋ? ಬಣ್ಣ ಚೆನ್ನಾಗಿಲ್ಲ, ನನಗೂ ಗೊತ್ತು. ಆದರೆ ಬೆಚ್ಚಗಿದೆ. ನನ್ನ ಆರೋಗ್ಯ ಪರವಾಗಿಲ್ಲ. ರಕ್ತದೊತ್ತಡ ಮಾತ್ರ ಈ ತಿಂಗಳು ಮೇಲೇರಿ ಕೂತಿದೆ. ಉಪ್ಪು ಕಡಿಮೆ ಮಾಡಿ ಎಂದರು ಡಾಕ್ಟರ್. ಉಪ್ಪಲ್ಲ ಸ್ವಾಮೀ, ಚುನಾವಣೆ ಎಂದೆ. ಅವರು ನಗಲಿಲ್ಲ. ಅವರ ಮನೆಯ ಮುಂದೆಯೂ ನಿನ್ನ ಅಪ್ಪನ ಹೆಸರಿನ ಫಲಕ ನಿಂತಿದೆ.

ಹೌದು, ಊರೆಲ್ಲ ಅವನದೇ ಹೆಸರು. ಗ್ಲೆನ್ ಕಿಸ್ಲರ್, ರಾಜ್ಯದ ಸೆನೆಟ್ಟಿಗೆ. ಕೆಳಗೆ ದಪ್ಪಕ್ಷರದಲ್ಲಿ 'ನಂಬಿಕೆ, ಕುಟುಂಬ, ಸ್ವಾತಂತ್ರ್ಯ'. ಹಾಲು ತರಲು ಹೋದರೂ ಅದೇ, ಚರ್ಚಿಗೆ ಹೋದರೂ ಅದೇ. ಟ್ರ್ಯಾಕ್ಟರ್ ಮಾರುತ್ತಿದ್ದಾಗ ಇದ್ದ ನನ್ನ ತಮ್ಮ ಬೇರೆ, ವೇದಿಕೆ ಹತ್ತಿದ ಮೇಲಿನ ಇವನು ಬೇರೆ. ಅವನ ಭಾಷಣದಲ್ಲಿ ಸರ್ಕಾರ ಎನ್ನುವುದು ನಮ್ಮ ಹೊಲಕ್ಕೂ ಬರಬಾರದು, ಅಂಗಡಿಗೂ ಬರಬಾರದು, ಜೇಬಿಗಂತೂ ಕೈ ಹಾಕಲೇಬಾರದು. ಹೆಂಗಸರ ಹೊಟ್ಟೆಯೊಳಗೆ ಮಾತ್ರ ಧಾರಾಳವಾಗಿ ಬಂದು ಕುರ್ಚಿ ಹಾಕಿಕೊಂಡು ಕೂರಬಹುದು. ಅಂಚೆಯಲ್ಲಿ ಮತ ಹಾಕುವುದೆಲ್ಲ ಮೋಸ ಎಂದು ಮೇಜು ಗುದ್ದುತ್ತಾನೆ. ಆದರೆ ವೃದ್ಧರ ಆರೈಕೆ ಮನೆಯಲ್ಲಿರುವ ನಿನ್ನ ಅಜ್ಜಿಯ ಮತವನ್ನು ಅಂಚೆಯಲ್ಲಿ ತರಿಸಿದವನೂ ಅವನೇ, ಪಕ್ಕದಲ್ಲಿ ಕೂತು ಪೆನ್ನು ಕೊಟ್ಟವನೂ ಅವನೇ. ಅಜ್ಜಿ ನನ್ನನ್ನು ಕೇಳಿದಳು: 'ಡಾರ್ಲೀನ್, ಇದು ಮೋಸ ಅಂತಾನಲ್ಲೇ ಇವನು, ನನ್ನನ್ನ ಜೈಲಿಗೆ ಹಾಕ್ತಾರಾ?' ನಾನು ನಕ್ಕೆ. ಆಮೇಲೆ ಕಾರಿನಲ್ಲಿ ಕೂತಾಗ ನಗು ಬರಲಿಲ್ಲ.

ಇದೆಲ್ಲ ನಿನಗೆ ಬೇಡದ ಸುದ್ದಿಯೆಂದು ಬಲ್ಲೆ. ಎರಡು ವರ್ಷದ ಹಿಂದೆ ಅಪ್ಪನ ಮೊದಲ ಭಾಷಣದ ವಿಡಿಯೊ ನೋಡಿ, ಅದರಲ್ಲಿ ಅಮ್ಮ ಅವನ ಪಕ್ಕ ನಗುತ್ತ ನಿಂತಿದ್ದನ್ನೂ ನೋಡಿ ನೀನು ಮನೆಯವರ ಜೊತೆ ಮಾತು ಬಿಟ್ಟೆ. ಅಂದಿನಿಂದ ನಿನ್ನ ಮುಂದೆ ಅವನ ಹೆಸರೆತ್ತಬಾರದು ಎಂದುಕೊಂಡಿದ್ದೆ, ಎತ್ತಿರಲೂ ಇಲ್ಲ. ಈಗ ಬರೆಯುತ್ತಿರುವುದು ಯಾಕೆಂದರೆ ನಿನ್ನೆ ನಡೆದದ್ದರಲ್ಲಿ ನೀನೂ ಇದ್ದೆ. ಬೇರೆಯವರಿಂದ ಕೇಳುವ ಮೊದಲು ನನ್ನಿಂದ ಕೇಳು.

ನಿನ್ನೆ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಅವನ ಪ್ರಚಾರದ ಊಟವಿತ್ತು. ಕೋಳಿ ಮತ್ತು ವಾಫಲ್, ಬೀಟ್‌ರೂಟ್ ಹುಳಿಯಲ್ಲಿ ನೆನೆಸಿದ ಕೆಂಪು ಮೊಟ್ಟೆ, ನನ್ನ ಬೆಲ್ಲದ ಪೈ. ಪೈ ಯಾಕೆ ಮಾಡಿಕೊಟ್ಟೆ ಎಂದು ನೀನು ಹುಬ್ಬು ಗಂಟಿಕ್ಕುವುದು ಇಲ್ಲಿಂದಲೇ ಕಾಣುತ್ತದೆ. ತಮ್ಮ ಕೇಳಿದ, ಮಾಡಿದೆ. ಮತ ಕೊಡುವುದಿಲ್ಲ ಎಂದು ಅವನಿಗೆ ಮೊದಲೇ ಹೇಳಿದ್ದೆ. ಮತ ಬೇರೆ, ಪೈ ಬೇರೆ ಎಂದು ನನ್ನ ಲೆಕ್ಕ. ಸಭಾಂಗಣಕ್ಕೆ ಕಾಲಿಟ್ಟವಳು ಅಲ್ಲೇ ನಿಂತೆ. ವೇದಿಕೆಯ ಹಿಂದೆ ಬಾಗಿಲಿನಷ್ಟು ಎತ್ತರದ ಫೋಟೊ. ಜಲಾಶಯದ ದಂಡೆಯಲ್ಲಿ ನೀನು, ಅಪ್ಪ, ಅಮ್ಮ ಮೂವರೂ ನಿಂತದ್ದು. ನಿನಗೆ ಆಗ ಹದಿನೈದೋ ಹದಿನಾರೋ, ಹಲ್ಲಿನ ತಂತಿ ಕಾಣದಿರಲೆಂದು ಬಾಯಿ ಮುಚ್ಚಿಕೊಂಡು ನಗುತ್ತಿದ್ದೀಯೆ. ಅಪ್ಪನ ಕೈ ನಿನ್ನ ಹೆಗಲ ಮೇಲೆ. ಮೇಲೆ ಬರೆದಿತ್ತು: 'ಕಿಸ್ಲರ್ ಕುಟುಂಬ'.

ಇದನ್ನು ಹಾಕುವ ಮೊದಲು ಟೆಸ್ಸಾಳನ್ನು ಕೇಳಿದ್ದೀಯಾ ಎಂದು ನಿನ್ನ ಅಮ್ಮನನ್ನು ಮೆಲ್ಲಗೆ ವಿಚಾರಿಸಿದೆ. ಬೆವರ್ಲಿ ತಟ್ಟೆಯಲ್ಲಿದ್ದ ವಾಫಲನ್ನು ಕತ್ತರಿಸುತ್ತಲೇ ಇದ್ದಳು.

ಊಟದ ನಡುವೆ ಗ್ಲೆನ್ ಎದ್ದು ನಿಂತ. ಮೊದಲು ಪೆಟ್ರೋಲಿನ ಬೆಲೆ, ಆಮೇಲೆ ಶಾಲೆಗಳು, ಆಮೇಲೆ ಅದೇ. ಗರ್ಭಪಾತದ ಕ್ಲಿನಿಕ್ಕುಗಳಿಗೆಲ್ಲ ಬೀಗ ಹಾಕಿಸುತ್ತೇನೆ, ಯಾವ ವಿನಾಯಿತಿಯೂ ಇಲ್ಲ ಎಂದ. ಸಭೆಯಲ್ಲಿ ಚಪ್ಪಾಳೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆನೇನೋ. ಅವನು ಫೋಟೊದ ಕಡೆ ಕೈ ತೋರಿಸಿ, 'ನಮ್ಮ ಮನೇಲಿ ಆ ಪ್ರಶ್ನೆನೇ ಬರಲಿಲ್ಲ. ಯಾಕೆ ಹೇಳಿ? ಮಕ್ಕಳನ್ನ ಸರಿಯಾಗಿ ಬೆಳೆಸಿದ್ವಿ. ಅಲ್ಲಿಗೆ ಹೋಗೋ ಹುಡುಗೀರಿಗೆ ಸರಿಯಾದ ಅಪ್ಪ ಇರಲಿಲ್ಲ, ಅಷ್ಟೇ ರೋಗ' ಎಂದ.

ಟೆಸ್ಸಾ, ನನ್ನ ಕೈಯಲ್ಲಿದ್ದ ಫೋರ್ಕು ತಟ್ಟೆಗೆ ಬಿತ್ತು. ಸದ್ದು ಕೇಳಿ ಅವನು ನನ್ನತ್ತ ನೋಡಿದ. ಅಲ್ಲಿಗಾದರೂ ಹೆದರಬೇಕಿತ್ತು. ಭಾಷಣದ ಅಮಲಿನಲ್ಲಿದ್ದವನಿಗೆ ಹೆದರಿಕೆ ಎಲ್ಲಿಯದು? 'ನಮ್ಮ ಅಕ್ಕ ಇಲ್ಲೇ ಕೂತಿದಾಳೆ, ಎಷ್ಟೋ ವರ್ಷ ದಾದಿಯಾಗಿದ್ದೋಳು. ಕೇಳಿ ಅವಳನ್ನೇ. ಏಳಕ್ಕ, ಹೇಳು, ನೀನು ನೋಡಿದ್ದನ್ನ ಹೇಳು!'

ಎದ್ದೆ. ಇಡೀ ಸಭೆ ನನ್ನ ಮುಖ ನೋಡುತ್ತಿತ್ತು. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದಿದ್ದದ್ದು ಆ ಆಗಸ್ಟಿನ ಬೆಳಗು. ಗ್ಲೆನ್ ಕಾರು ಓಡಿಸುತ್ತಿದ್ದ, ಹಿಂದಿನ ಸೀಟಿನಲ್ಲಿ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದೆ. ಕ್ಲಿನಿಕ್ಕಿನ ಗೇಟಿನಲ್ಲಿ ಫಲಕ ಹಿಡಿದು ಕೂಗುತ್ತಿದ್ದವರ ನಡುವೆ ಅವನು ತನ್ನ ಕೋಟು ಬಿಚ್ಚಿ ನಿನ್ನ ತಲೆಯ ಮೇಲೆ ಹೊದಿಸಿ, ನಿನ್ನನ್ನು ತನ್ನ ಪಕ್ಕೆಗೆ ಒತ್ತಿಕೊಂಡು ಒಳಗೆ ಕರೆದುಕೊಂಡು ಹೋದ. ಯಾರೋ ಏನೋ ಅಂದದ್ದಕ್ಕೆ, 'ದಾರಿ ಬಿಡಿ, ಇವಳು ನನ್ನ ಮಗಳು' ಎಂದ. ಹೊರಗಿನ ಕೋಣೆಯಲ್ಲಿ ನನ್ನ ಪಕ್ಕ ಕೂತು ಅತ್ತ. ನೀನು ಒಳಗಿದ್ದೆ, ನಿನಗದು ಗೊತ್ತಿಲ್ಲ. ಅವನ ಜೀವಮಾನದಲ್ಲಿ ಅವನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಬೇರೆ ಯಾವ ಅಪ್ಪನೂ ಅದನ್ನು ಮಾಡಬಾರದೆಂದು ಈಗ ಕಾನೂನು ತರಲು ಹೊರಟಿದ್ದಾನೆ.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದೇ ವಾಕ್ಯ ಸಾಕಿತ್ತು, ಅವನ ಚುನಾವಣೆ ಅಲ್ಲೇ ಮುಗಿಯುತ್ತಿತ್ತು. ಆದರೆ ಆ ವಾಕ್ಯ ನನ್ನದಲ್ಲ. ಅದು ನಿನ್ನದು. ಅವನ ಮುಖವಾಡ ಕಳಚಲು ಹೋಗಿ ನಿನ್ನ ಮೈಮೇಲಿನ ಬಟ್ಟೆ ಎಳೆದರೆ ನನಗೂ ಅವನಿಗೂ ಏನು ವ್ಯತ್ಯಾಸ? ಹಾಗಾಗಿ ಇಷ್ಟೇ ಅಂದೆ: 'ವಾರ್ಡಿನ ಬಾಗಿಲೊಳಗೆ ಯಾರು ಬಂದ್ರು, ಯಾಕೆ ಬಂದ್ರು, ಯಾರು ಕೈ ಹಿಡ್ಕೊಂಡು ಕರ್ಕೊಂಡು ಬಂದ್ರು ಅನ್ನೋದನ್ನ ದಾದಿ ಹೊರಗೆ ಹೇಳಲ್ಲ. ನಿನಗೂ ಅದು ಚೆನ್ನಾಗಿ ಗೊತ್ತಲ್ಲ, ಗ್ಲೆನ್?'

ಏನಾಯಿತು ಗೊತ್ತೇ? ಚಪ್ಪಾಳೆ! ಎಂಥ ಗೌರವಸ್ಥ ಹೆಂಗಸು ಎಂದುಕೊಂಡರು ಕಾಣುತ್ತದೆ. ಪಾದ್ರಿಗಳು ಎದ್ದು ನಿಂತೇ ಚಪ್ಪಾಳೆ ಹೊಡೆದರು. ಅರ್ಥವಾದದ್ದು ಗ್ಲೆನ್‌ಗೆ ಮಾತ್ರ, ಅವನ ಕುತ್ತಿಗೆ ಕೆಂಪಗಾಯಿತು. ಆದರೂ ಎಲ್ಲರ ಜೊತೆ ಅವನೂ ಚಪ್ಪಾಳೆ ಹೊಡೆದ. ಸಿಟ್ಟಿನಿಂದ ಕಣ್ಣಲ್ಲಿ ನೀರು ಬರುವುದೆಂದರೆ ಏನೆಂದು ಈ ವಯಸ್ಸಿನಲ್ಲಿ ಕಲಿತೆ.

ಊಟ ಮುಗಿದು ಜನ ಕೋಟು ಹುಡುಕುತ್ತಿದ್ದಾಗ ನಾನು ವೇದಿಕೆ ಹತ್ತಿ ಆ ಫೋಟೊವನ್ನು ಕೆಳಗಿಳಿಸಿದೆ. ಗಟ್ಟಿ ರಟ್ಟು, ನನಗಿಂತ ಎತ್ತರ. ಎತ್ತಿಡಲು ಒಯ್ಯುತ್ತಿದ್ದಾಳೆ ಎಂದುಕೊಂಡರೋ ಏನೋ, ಒಬ್ಬರು ಬಾಗಿಲು ಬೇರೆ ಹಿಡಿದುಕೊಂಡರು. ಕಾರಿನೊಳಗೆ ಹಿಡಿಸಲಿಲ್ಲ. ಛಾವಣಿಯ ಮೇಲಿಟ್ಟು ಹಗ್ಗ ಬಿಗಿಯುತ್ತಿದ್ದಾಗ ಗ್ಲೆನ್ ಓಡಿ ಬಂದ.

'ಏನಕ್ಕಾ ಇದು? ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೀಬೇಕು ಅಂತ ಬಂದಿದ್ದೀಯಾ?'

'ನಿನ್ನ ಮರ್ಯಾದೆ ಹಾಗೇ ಇದೆಯಲ್ಲೋ, ಚಪ್ಪಾಳೆ ಕೇಳಿಸಲಿಲ್ವಾ? ನಾನು ಒಯ್ತಿರೋದು ಹುಡುಗೀನ ಮಾತ್ರ.'

'ಅವಳು ನನ್ನ ಮಗಳು!'

'ಅವತ್ತು ಗೇಟಿನ ಹತ್ರಾನೂ ಇದನ್ನೇ ಅಂದೆ. ಆಗ ಕೇಳೋಕೆ ಚೆನ್ನಾಗಿತ್ತು.'

ಅವನು ಸುತ್ತ ನೋಡಿ ದನಿ ತಗ್ಗಿಸಿದ. 'ಅಕ್ಕ, ನಮ್ಮದು ಬೇರೆ ವಿಷಯ ಕಣೇ. ಅವಳು ಒಳ್ಳೇ ಹುಡುಗಿ. ಒಂದು ಸಲ ಎಡವಿದ್ಲು, ಮುಂದೆ ಇಡೀ ಬದುಕಿತ್ತು. ಇವರ ಥರ ಅಲ್ಲ.'

'ಯಾರ ಥರ ಕಣೋ? ಆ ಕೋಣೇಲಿ ಕೂತಿದ್ದ ಹುಡುಗೀರನ್ನ ನೀನೂ ನೋಡಿದೆಯಲ್ಲ. ಅವರಲ್ಲಿ ಯಾರು ಕೆಟ್ಟೋಳು, ಬೆರಳು ಮಾಡಿ ತೋರಿಸು ನೋಡೋಣ.'

ಕೊನೆಗೆ ಅಂದದ್ದು ಕೇಳು: 'ಹೀಗೆ ಹೇಳದಿದ್ರೆ ಇಲ್ಲಿ ಗೆಲ್ಲೋಕಾಗಲ್ಲ ಅಕ್ಕ.' ಅವನು ಕಟುಕನಾಗಿದ್ದರೆ, ನಿಜವಾಗಿ ನಂಬಿ ಹೇಳುತ್ತಿದ್ದರೆ, ನಾನು ಜಗಳವಾಡಿ ಮರೆಯುತ್ತಿದ್ದೆ. ನಂಬಿಕೆಯೇ ಇಲ್ಲದವನು 'ನಂಬಿಕೆ' ಎಂದು ಫಲಕದಲ್ಲಿ ಬರೆಸುತ್ತಾನಲ್ಲ, ಅದು ನನಗೆ ತಡೆಯಲಾಗುತ್ತಿಲ್ಲ. ಸಭೆಯಲ್ಲಿದ್ದ ಬೇರೆ ಅಪ್ಪಂದಿರೂ ಗುಟ್ಟಾಗಿ ಯಾವ ಗೇಟು ದಾಟಿ ಬಂದಿದ್ದಾರೋ. ಎಲ್ಲರಿಗೂ ತಮ್ಮದು ಮಾತ್ರ ಬೇರೆ ವಿಷಯ.

ಇವತ್ತು ಚರ್ಚು ಮುಗಿಸಿ ನೇರ ನವೋಮಿ ಬ್ರಾಂಡ್ಟ್‌ಳ ಪ್ರಚಾರ ಕಚೇರಿಗೆ ಹೋದೆ. ಅವನ ಎದುರು ನಿಂತಿರುವ ರಸಾಯನಶಾಸ್ತ್ರದ ಮೇಡಂ, ನಿನಗೂ ಪಾಠ ಮಾಡಿದ್ದಾಳೆ. ಒಳ್ಳೆಯವಳು, ಆದರೆ ಭಾಷಣ ಮಾಡಿದರೆ ಉತ್ತರ ಪತ್ರಿಕೆ ತಿದ್ದಿದ ಹಾಗಿರುತ್ತದೆ, ಕೇಳುವವರು ಆಕಳಿಸುತ್ತಾರೆ. ಗೆಲ್ಲುವುದು ಕಷ್ಟ. ಆದರೂ ಅವಳ ಫಲಕ ತಂದು ನನ್ನ ಅಂಗಳದಲ್ಲಿ ನೆಟ್ಟೆ, ಎದುರುಮನೆಯ ಆರ್ವಿಲ್ಲಾ ಜೊತೆ ಮನೆಮನೆಗೂ ಹೋಗಿ ಬಂದೆ. ಒಬ್ಬ ಮುದುಕ, 'ಸ್ವಂತ ತಮ್ಮನ ಬೆನ್ನಿಗೆ ಚೂರಿ ಹಾಕ್ತೀಯಲ್ಲಮ್ಮ, ನಾಚಿಕೆಯಾಗಲ್ವಾ?' ಎಂದ. 'ಬೆನ್ನಿಗಲ್ಲ ಅಣ್ಣಾ, ಅವನ ಕಣ್ಣೆದುರೇ ಮಾಡ್ತಿದೀನಿ' ಎಂದೆ. ಬಾಗಿಲು ಹಾಕಿಕೊಂಡ. ಅದರ ಮುಂದಿನ ಮನೆಯಲ್ಲಿ ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹುಡುಗಿ ನಮ್ಮ ಕೈಯಿಂದ ಕರಪತ್ರ ತೆಗೆದುಕೊಂಡು, ಗಂಡನ ಕಡೆ ಒಮ್ಮೆ ನೋಡಿ, ಮಡಿಸಿ ಮಗುವಿನ ಹೊದಿಕೆಯೊಳಗೆ ಇಟ್ಟುಕೊಂಡಳು.

ನವೆಂಬರಿನ ಕೃತಜ್ಞತಾ ಹಬ್ಬದ ಊಟಕ್ಕೆ ನನ್ನನ್ನು ಕರೆಯುವುದಿಲ್ಲವೆಂದು ಗ್ಲೆನ್ ಮೆಸೇಜ್ ಮಾಡಿದ್ದಾನೆ. ಟರ್ಕಿ ಕೋಳಿಯನ್ನು ಒಣಗಿಸಿ ಸೌದೆ ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಆ ನಷ್ಟ ತಡೆದುಕೊಳ್ಳಬಲ್ಲೆ. ತಮ್ಮನ ನಷ್ಟ ಗೊತ್ತಿಲ್ಲ. ಆ ಬೆಳಗಿನ ಗ್ಲೆನ್‌ನನ್ನು ನಾನು ಇನ್ನೂ ಪ್ರೀತಿಸುತ್ತೇನೆ, ಅವನು ಎಲ್ಲಿ ಹೋದ ಎಂದು ಹುಡುಕುತ್ತಿದ್ದೇನೆ.

ನಿನ್ನ ಕಥೆಯನ್ನು ಹೇಳು ಎಂದಾಗಲೀ ಹೇಳಬೇಡ ಎಂದಾಗಲೀ ನಾನು ಅನ್ನುವವಳಲ್ಲ. ಹೇಳಬೇಕೆನಿಸಿದರೆ ಪಕ್ಕದಲ್ಲಿ ನಿಲ್ಲುತ್ತೇನೆ. ಬೇಡವೆನಿಸಿದರೆ ನನ್ನ ಜೊತೆಯೇ ಮಣ್ಣಿಗೆ ಹೋಗುತ್ತದೆ. ನೀನು ಯಾರ ಋಣವನ್ನೂ ತೀರಿಸಬೇಕಾಗಿಲ್ಲ, ಈ ಚುನಾವಣೆಯದಂತೂ ಇಲ್ಲವೇ ಇಲ್ಲ. ಗಾಯಕ್ಕೆ ಮುಲಾಮು ಹಚ್ಚು, ಹೊತ್ತಿಗೆ ಸರಿಯಾಗಿ ತಿನ್ನು. ನಿನ್ನ ಕೆಲಸದ ಕೈಗಳು ಸುಖವಾಗಿರಲಿ, ನೀನು ಬೆಸೆದ ಹಡಗುಗಳೆಲ್ಲ ದಡ ಸೇರಲಿ.

ನಿನ್ನನ್ನು ಎದೆಗೊತ್ತಿಕೊಂಡು,
ನಿನ್ನ ಅತ್ತೆ
ಡಾರ್ಲೀನ್

ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ: ಲಕೋಟೆ ಅಂಟಿಸಿದ್ದನ್ನು ಮತ್ತೆ ಒಡೆದು ಬರೆಯುತ್ತಿದ್ದೇನೆ. ಸಂಜೆ ಬೆವರ್ಲಿ ಹಿತ್ತಿಲ ಬಾಗಿಲಿಗೆ ಬಂದಿದ್ದಳು. ಫೋಟೊ ವಾಪಸ್ ತಾ ಎಂದು ಗ್ಲೆನ್ ಕಳಿಸಿದ್ದನಂತೆ, ಅವಳು ಅದನ್ನು ಕೇಳಲೇ ಇಲ್ಲ. ಅಡುಗೆಮನೆಯಲ್ಲಿ ಕೋಟು ಬಿಚ್ಚದೆ ಕೂತು, 'ಅತ್ತಿಗೆ, ನೀವು ಮೂರೂ ಜನ ಅವತ್ತು ಮೀನು ಹಿಡಿಯೋಕೆ ಹೋಗಿದ್ವಿ ಅಂದ್ರಲ್ಲ. ಬಂದಾಗ ನಾನು ಬಿಸಿ ಕೋಳಿ ಸೂಪ್ ಮಾಡಿಟ್ಟಿದ್ದೆ. ಆಗಸ್ಟ್ ತಿಂಗಳ ಸೆಕೇಲಿ ಯಾರು ಸೂಪ್ ಮಾಡ್ತಾರೆ ಹೇಳಿ?' ಎಂದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಟೆಸ್ಸಾ. ನಾವು ಹೇಳಲಿಲ್ಲ, ಅವಳು ಕೇಳಲಿಲ್ಲ, ಕೇಳಿದರೆ ನಿನಗೆ ನಾಚಿಕೆಯಾದೀತೆಂದು ಸೂಪ್ ಬಡಿಸಿ ಸುಮ್ಮನಾದಳಂತೆ. ಅವಳು ಈ ಸಲ ಗಂಡನಿಗೆ ಮತ ಹಾಕುವುದಿಲ್ಲ. ಅದನ್ನೂ ಹೇಳಿದಳು, ಬಾಗಿಲ ಕಡೆ ನೋಡುತ್ತ. ಆಮೇಲೆ ನಿನ್ನ ಹೊಸ ಫೋನ್ ನಂಬರ್ ಕೇಳಿದಳು. ನಾನು ಕೊಟ್ಟಿಲ್ಲ, ಅದೂ ನಿನ್ನದೇ. ಫೋನಿನಲ್ಲಿ ನಾನು ಕೇಳಿದ್ದರೆ ನೀನು ಥಟ್ಟನೆ ಬೇಡ ಅಂದುಬಿಡುತ್ತಿದ್ದೆ, ಅದಕ್ಕೇ ಈ ಕಾಗದ. ಓದಿ, ಒಂದು ದಿನ ಸುಮ್ಮನಿದ್ದು, ಆಮೇಲೆ ಹೇಳು. ಅಮ್ಮನಿಗೆ ನಂಬರ್ ಕೊಡಲೇ?